ದುಡ್ಡು ನಮ್ಮದು, ಅದರ ತಿಳಿವಳಿಕೆ ಯಾರದು?

(ಕುಮಟೆ, ಹೊನ್ನಾವರ, ಭಟ್ಕಳಗಳ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯ ‘ಹೂಡಿಕೆ’ ಎಂದು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಷೇರು, ಬಾಂಡು, ಮ್ಯೂಚುವಲ್ ಫಂಡು ಎಂಬುದೆಲ್ಲ ಮುಂಬಯಿಯ ಸೇಠರ ಮಾತು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನಿಗೆ, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವವಳಿಗೆ, ಬಸ್ ನಿಲ್ದಾಣದ ಮಗ್ಗುಲಲ್ಲಿ ಕಿರಾಣಿ ಅಂಗಡಿ ಇಟ್ಟವನಿಗೆ ಅದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಷೇರುಪೇಟೆಗೆ ಹೋಗದಿದ್ದರೂ ಷೇರುಪೇಟೆ ನಿಮ್ಮ ಮನೆಯೊಳಗೆ ಬಂದು ಕೂತಾಗಿದೆ.

ನಿಮ್ಮ ಪ್ರಾವಿಡೆಂಟ್ ಫಂಡನ್ನೇ ನೋಡಿ. ತಿಂಗಳು ತಿಂಗಳೂ ಸಂಬಳದಲ್ಲಿ ಸಾಮಾನ್ಯವಾಗಿ 100ಕ್ಕೆ 12ರಂತೆ ಮುರಿದುಕೊಳ್ಳುವ ಆ ಹಣ 2015ರ ಆಗಸ್ಟಿನ ತನಕ ಷೇರುಪೇಟೆಯಿಂದ ದೂರವಿತ್ತು. ಆ ತಿಂಗಳಿಂದ ಹೊಸ ಜಮೆಯಲ್ಲಿ 100ಕ್ಕೆ 5ರಷ್ಟನ್ನು ಷೇರಿನ ನಿಧಿಗಳಲ್ಲಿ ತೊಡಗಿಸತೊಡಗಿದರು. 2017ರ ಹೊತ್ತಿಗೆ ಮಿತಿಯನ್ನು 15ಕ್ಕೆ ಏರಿಸಿದರು. ಇದು ಸರಿಯೋ ತಪ್ಪೋ ಎಂಬ ವಾದ ಬೇರೆ. ಆದರೆ ದುಡಿದವನ ಬೆವರಿನ ಹಣ ಎಲ್ಲಿಗೆ ಹೋಯಿತು, ಅಲ್ಲಿ ಅದು ಹೇಗೆ ಬೆಳೆಯುತ್ತದೆ, ಹೇಗೆ ಕರಗುತ್ತದೆ ಎಂಬುದನ್ನು ಅವನ ಭಾಷೆಯಲ್ಲಿ ಅವನಿಗೆ ತಿಳಿಸಿದವರು ಯಾರು?

ಕುಮಟೆಯವರಿಗೆ ಇದು ಹೊಸ ಸಂಗತಿಯೂ ಅಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಾಯಿತು. ಧಾರವಾಡದ ಸೀಮೆಯ ಹತ್ತಿ ಹೇರೆತ್ತು, ಗಾಡಿಗಳ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಬಂದು, ಇಲ್ಲಿಂದ ಮುಂಬಯಿಗೆ ಹಡಗು ಹತ್ತಿತು. ಬೆಳೆದದ್ದು ಘಟ್ಟದ ಮೇಲಾದರೂ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. ಹತ್ತಿಯ ಹಣ ಮುಂಬಯಿಯಲ್ಲಿ ಹುಚ್ಚು ಹೊಳೆಯಾಗಿ ಹರಿದು, ಬೀದಿಗೊಂದು ಕಂಪನಿ ಹುಟ್ಟಿತು. 1865ರಲ್ಲಿ ಯುದ್ಧ ನಿಂತಿತು. ಜುಲೈ 1ರ ವಾಯಿದೆಯ ದಿನ ಲೆಕ್ಕ ಚುಕ್ತಾ ಮಾಡಲಾರದೆ ಪೇಟೆ ಮುಗ್ಗರಿಸಿತು. 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87ಕ್ಕೆ ಇಳಿಯಿತು. ಹತ್ತಿ ಹೊತ್ತವನಿಗೆ ಕೂಲಿಯಷ್ಟೇ ಗೊತ್ತಿತ್ತು. ಪೇಟೆಯ ಆಟ ಗೊತ್ತಿರಲಿಲ್ಲ.

ಅಂದಿನಿಂದ ಇಂದಿನವರೆಗೆ ಆಟದ ಹೆಸರು ಬದಲಾಗಿದೆ, ಬುಡ ಬದಲಾಗಿಲ್ಲ. ಜಮೀನು ಕೊಡುತ್ತೇವೆಂದು ಪಿ.ಎ.ಸಿ.ಎಲ್. ಎಂಬ ಕಂಪನಿ ಸುಮಾರು ಐದೂ ಮುಕ್ಕಾಲು ಕೋಟಿ ಜನರಿಂದ 49,100 ಕೋಟಿ ರೂಪಾಯಿ ಎತ್ತಿತ್ತು. ಹಿಂದಿರುಗಿಸಿರೆಂದು 2014ರಲ್ಲಿ ಸೆಬಿ ಆಜ್ಞೆ ಮಾಡಿತು. 2016ರಲ್ಲಿ ಸುಪ್ರೀಂ ಕೋರ್ಟು ಅದಕ್ಕೊಂದು ಸಮಿತಿಯನ್ನೇ ನೇಮಿಸಬೇಕಾಯಿತು. 2019ರ ಜೂನಿನಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆಯ ಬಾಗಿಲು ಮುಚ್ಚಿದಾಗ, ಬಡ್ಡಿ ಒಲ್ಲೆವೆಂದು ನಂಬಿಕೆಯಿಂದ ಹಣ ಇಟ್ಟಿದ್ದ ಸಾವಿರಾರು ಸಂಸಾರಗಳು ದೂರು ಹಿಡಿದು ಸಾಲು ನಿಂತವು. ಇನ್ನೊಂದು ಲೆಕ್ಕ: ಷೇರಿನ ಫ್ಯೂಚರ್ಸ್, ಆಪ್ಷನ್ಸ್ ಎಂಬ ವಾಯಿದೆ ವ್ಯಾಪಾರದಲ್ಲಿ ಮೂರು ವರ್ಷ ಕೈ ಹಾಕಿದ ಬಿಡಿ ಜನರಲ್ಲಿ 100ಕ್ಕೆ 93 ಮಂದಿ ನಷ್ಟ ಹೊಂದಿದರೆಂದೂ, ನಷ್ಟದ ಒಟ್ಟು ಮೊತ್ತ 1.8 ಲಕ್ಷ ಕೋಟಿ ಮೀರಿತೆಂದೂ ಸೆಬಿಯೇ 2024ರಲ್ಲಿ ಪ್ರಕಟಿಸಿತು.

ಇವರೆಲ್ಲ ಮೂರ್ಖರೇ? ಖಂಡಿತ ಅಲ್ಲ. ನಮ್ಮ ಕರಾವಳಿಯ ಬಡವರಷ್ಟು ಲೆಕ್ಕ ಬಲ್ಲವರು ಕಡಿಮೆ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಲ್ಲೇ ಕೂಡಿಸುವ ಪಿಗ್ಮಿ ಯೋಜನೆ ತೆಗೆದಾಗ ಅದನ್ನು ಬೆಳೆಸಿದವರು ಸಣ್ಣ ಅಂಗಡಿಕಾರರು, ಕೂಲಿಕಾರರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಮಾತ್ರ ನಮ್ಮ ಪೇಟೆಯ ಮಾತಿನಲ್ಲಿ ಉಳಿದಿದೆ. ಉಳಿತಾಯದ ಬುದ್ಧಿ ನಮಗೆ ಉಂಟು. ಇಲ್ಲದಿರುವುದು ತಿಳಿವಳಿಕೆ ಸಿಗುವ ಜಾಗ. ಹಣದ ಬಗ್ಗೆ ಕನ್ನಡದಲ್ಲಿ ನಮ್ಮ ಕಿವಿಗೆ ಬೀಳುವ ಮಾತಿನಲ್ಲಿ ಬಹುಪಾಲು, ಏನನ್ನಾದರೂ ಮಾರಲು ಬಂದವರ ಮಾತು. ದಲ್ಲಾಳಿಗೆ ಕಮಿಷನ್ ಉಂಟು, ಮೊಬೈಲಿನಲ್ಲಿ ಉಪದೇಶ ಮಾಡುವವನಿಗೂ ಉಂಟು. ಕೊಡೆ ಮಾರುವವನನ್ನು ಮಳೆ ಬರುತ್ತದೋ ಎಂದು ಕೇಳಿದರೆ ಅವನು ಏನು ಹೇಳಿಯಾನು?

ಹಾಗಾದರೆ ಮಾರುವ ಹಂಗಿಲ್ಲದ ತಿಳಿವಳಿಕೆ ಎಲ್ಲಿ ಸಿಗಬೇಕು? ಅದಕ್ಕಾಗಿಯೇ ವಿಶ್ವಕೋಶ ಎಂಬ ವಸ್ತು ಹುಟ್ಟಿದ್ದು. ನಮ್ಮ ಪಕ್ಕದ ಕೋಟದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟಗಳಾಗಿ ಬೆಳೆಯಿತು. 2001ರ ಜನವರಿ 15ರಂದು ವಿಕಿಪೀಡಿಯ ಎಂಬ ಅಂತರಜಾಲದ ವಿಶ್ವಕೋಶ ಇಂಗ್ಲಿಷಿನಲ್ಲಿ ಆರಂಭವಾಯಿತು. 2003ರಲ್ಲಿ ಕನ್ನಡದಲ್ಲೂ ಕಣ್ಣು ತೆರೆಯಿತು. ಅದಕ್ಕೆ ಒಡೆಯನಾದ ಪ್ರಕಾಶಕನಿಲ್ಲ, ಜಾಹೀರಾತಿಲ್ಲ, ಬರೆಯುವವರಿಗೆ ಸಂಬಳವಿಲ್ಲ. ಓದುವವನೇ ತಿದ್ದಬಹುದು. ಪುಟದ ಮೇಲೆ ‘ಸಂಪಾದಿಸಿ’ ಎಂಬ ಗುಂಡಿ ಉಂಟು, ವಾದ ಮಾಡುವುದಕ್ಕೆ ‘ಚರ್ಚೆ’ ಎಂಬ ಪುಟ ಉಂಟು, ಯಾವ ಖಾತೆಯಿಂದ ಯಾವಾಗ ಏನು ಬದಲಾಯಿತೆಂಬ ‘ಇತಿಹಾಸ’ ಉಂಟು. ಎಲ್ಲರೂ ಕೂಡಿ ಮಾತಾಡುವ ಪುಟಕ್ಕೆ ಕನ್ನಡಿಗರು ಇಟ್ಟಿರುವ ಹೆಸರು ‘ಅರಳಿಕಟ್ಟೆ’. ಊರಿನ ಕಟ್ಟೆಯ ಮೇಲಿನ ಪಂಚಾಯತಿ ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನನ್ನ ದೃಷ್ಟಿಯಲ್ಲಿ ಇದೊಂದು ಸಹಕಾರ ಸಂಘ. 1905ರಲ್ಲಿ ಗದಗಿನ ಬಳಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದಲ್ಲೇ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ರೈತರು ಸೇರಿಸಿದ್ದು ರೂಪಾಯಿಯನ್ನು. ಇಲ್ಲಿ ಸೇರಿಸುವುದು ತಿಳಿವಳಿಕೆಯನ್ನು. ಅಲ್ಲಿ ಕಂತು ಕಟ್ಟದಿದ್ದರೆ ಸಂಘ ಸೊರಗುತ್ತದೆ, ಇಲ್ಲಿಯೂ ಅದೇ.

ಸೊರಗಿದೆಯೇ ಎಂದು ಕೇಳುತ್ತೀರಾ? ಇಂಗ್ಲಿಷಿನಲ್ಲಿ ಸುಮಾರು 70 ಲಕ್ಷ ಲೇಖನಗಳಿದ್ದರೆ ಕನ್ನಡದಲ್ಲಿರುವುದು ಮೂವತ್ತು ಸಾವಿರಕ್ಕೆ ಸ್ವಲ್ಪ ಮೇಲೆ. ಇಂಗ್ಲಿಷಿನಲ್ಲಿ ಹೂಡಿಕೆಯ ಲೇಖನಗಳನ್ನು ತಿದ್ದುವುದಕ್ಕೆಂದೇ ಸ್ವಯಂಸೇವಕರ ಕೂಟವಿದೆ. ಅವರು ಒಂದೊಂದು ಲೇಖನಕ್ಕೂ ದರ್ಜೆ ಹಾಕುತ್ತಾರೆ. ಬರಿಯ ಮೊಳಕೆಯಂತಿರುವುದು ಯಾವುದು, ಅರ್ಧ ಬೆಳೆದದ್ದು ಯಾವುದು, ಓದುಗನ ಕೈಗೆ ಧೈರ್ಯವಾಗಿ ಕೊಡಬಹುದಾದದ್ದು ಯಾವುದು ಎಂದು ವಿಂಗಡಿಸಿ ಕೆಲಸ ಹಂಚಿಕೊಳ್ಳುತ್ತಾರೆ. ಕನ್ನಡಕ್ಕೂ ಅಂಥ ಕೂಟದ ದುಡಿಮೆ ಬೇಕು. 2009ರಿಂದ 2011ರವರೆಗೆ ಗೂಗಲ್ ಸಂಸ್ಥೆ ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೆ ಅನುವಾದ ಮಾಡಿಸಿ ಹಾಕಿಸಿತು. ಪುಟಗಳ ಸಂಖ್ಯೆ ಏರಿತು. ಆದರೆ ಓದಿದರೆ ನಾಲಿಗೆ ತೊಡರುವಂಥ ಆ ಕನ್ನಡವನ್ನು ತಿದ್ದುವ ಹೊರೆ ಸ್ವಯಂಸೇವಕರ ಹೆಗಲ ಮೇಲೆ ಬಿತ್ತು. ಅಮೆರಿಕದ ಪಿಂಚಣಿಯ ಲೇಖನವನ್ನು ಹಾಗೆಯೇ ಎತ್ತಿ ತಂದರೆ ನಮ್ಮ ಪಿ.ಎಫ್., ನಮ್ಮ ಚೀಟಿ, ನಮ್ಮ ಪಿಗ್ಮಿ ಅದರಲ್ಲಿ ಎಲ್ಲಿಂದ ಬರಬೇಕು?

ಒಂದು ಸಾಲು ತಪ್ಪಿದರೆ ಏನಾಗುತ್ತದೆ ಎಂದು ಉದಾಹರಣೆ ಕೊಡುತ್ತೇನೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಬಿದ್ದುಹೋದ ಮೇಲೆ ಸರಕಾರ ಎಚ್ಚೆತ್ತು 1962ರಲ್ಲಿ ಠೇವಣಿಗೆ ವಿಮೆ ತಂದಿತು. ಆಗ ಮಿತಿ 1,500 ರೂಪಾಯಿ. 1993ರಿಂದ ಅದು 1 ಲಕ್ಷವಾಯಿತು; 2020ರ ಫೆಬ್ರವರಿ 4ರಿಂದ 5 ಲಕ್ಷವಾಗಿದೆ. ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಎರಡೂ ಸೇರಿ ಇಷ್ಟು. ಲೇಖನದಲ್ಲಿ ಇನ್ನೂ 1 ಲಕ್ಷವೆಂದೇ ಉಳಿದರೆ ಅದು ತಪ್ಪು. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ: ಈ ವಿಮೆ ಸಹಕಾರಿ ಬ್ಯಾಂಕಿಗೆ ಉಂಟು, ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ನಮ್ಮ ಮೂರೂ ಊರುಗಳ ಪೇಟೆಯಲ್ಲಿ ಬ್ಯಾಂಕಿನ ಫಲಕದ ಪಕ್ಕದಲ್ಲೇ ಸೊಸೈಟಿಯ ಫಲಕವೂ ತೂಗುತ್ತದೆ. ಸೊಸೈಟಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ನಡೆಯುವ ಸಂಘ ಬಡವನ ಊರುಗೋಲು. ಆದರೆ ಎರಡಕ್ಕೂ ಇರುವ ವ್ಯತ್ಯಾಸ ತಿಳಿದು ಹಣ ಇಡುವುದು ಬೇರೆ, ತಿಳಿಯದೆ ಇಡುವುದು ಬೇರೆ. ಮಗಳ ಮದುವೆಗೆಂದು ಇಟ್ಟ ಹಣ ಈ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಚೀಟಿಯದೂ ಹಾಗೆಯೇ. 1982ರ ಕಾಯಿದೆಯ ಪ್ರಕಾರ ಚೀಟಿ ನಡೆಸುವವನ ಕಮಿಷನ್ 100ಕ್ಕೆ 5 ಮೀರುವಂತಿರಲಿಲ್ಲ. 2019ರ ತಿದ್ದುಪಡಿಯಿಂದ 7 ಆಯಿತು. ನೋಂದಣಿಯಾದ ಚೀಟಿ ಯಾವುದು, ಜನರನ್ನು ಸೇರಿಸಿದವನಿಗೆ ದುಡ್ಡು ಎಂಬ ಸರಪಣಿ ಯೋಜನೆ ಯಾವುದು, ಎರಡನೆಯದನ್ನು 1978ರಲ್ಲೇ ಏಕೆ ನಿಷೇಧಿಸಿದರು ಎಂಬುದನ್ನು ಅಂಗಡಿಯವನಿಗೆ ಅರ್ಥವಾಗುವ ಹತ್ತು ವಾಕ್ಯಗಳಲ್ಲಿ ಬರೆದರೆ ಅದು ದೊಡ್ಡ ಸಮಾಜಸೇವೆ. ತಿಂಗಳಿಗೆ 100ಕ್ಕೆ 5 ಕೊಡುತ್ತೇನೆಂದರೆ ವರ್ಷಕ್ಕೆ 60 ಆಯಿತು. ಯಾವ ನ್ಯಾಯವಾದ ವ್ಯಾಪಾರ ವರ್ಷ ವರ್ಷವೂ ಅಷ್ಟು ಗಿಟ್ಟಿಸುತ್ತದೆ? ಹೊಸಬನ ಅಸಲನ್ನೇ ಹಳಬನಿಗೆ ಲಾಭವೆಂದು ಹಂಚುವುದು. ಹೊಸಬರು ನಿಂತ ದಿನ ಬಾಗಿಲು ಮುಚ್ಚುವುದು. 1920ರಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಪೊಂಜಿ ಮಾಡಿದ್ದೂ ಇದನ್ನೇ.

ಈಗ ನಿಯಮದ ಮಾತು. ವಿಶ್ವಕೋಶದಲ್ಲಿ ಉಪದೇಶಕ್ಕೆ ಸ್ಥಳವಿಲ್ಲ. ‘ಈ ಷೇರು ಕೊಳ್ಳಿ’ ಎಂದು ಬರೆಯುವಂತಿಲ್ಲ. ‘ಷೇರುಪೇಟೆ ಜೂಜಿನ ಕಟ್ಟೆ’ ಎಂದು ನಮ್ಮ ಸಿಟ್ಟನ್ನು ಬರೆಯುವಂತೆಯೂ ಇಲ್ಲ. ಸಿಟ್ಟಿಗೆ ಸಭೆ ಉಂಟು, ಪತ್ರಿಕೆ ಉಂಟು. ಅಲ್ಲಿ ಸಂಗತಿ ಬೇಕು. ಸಂಗತಿಗೆ ಲಿಖಿತ ಆಧಾರ ಬೇಕು. ಚಹದಂಗಡಿಯಲ್ಲಿ ಕೇಳಿದ್ದು ಸಾಲದು; ಕಾಯಿದೆ, ರಿಸರ್ವ್ ಬ್ಯಾಂಕಿನ ಪ್ರಕಟಣೆ, ನಂಬತಕ್ಕ ಪುಸ್ತಕ, ಪತ್ರಿಕೆ ತೋರಿಸಬೇಕು. ಈ ಕಟ್ಟುನಿಟ್ಟು ನಮಗೇ ಲಾಭ. ಏಕೆಂದರೆ ಬಾಗಿಲು ನಮಗೆ ತೆರೆದಷ್ಟೇ ಠಕ್ಕನಿಗೂ ತೆರೆದಿದೆ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಆರೆಂಜ್‌ಮೂಡಿ’ ಎಂಬ ಜಾಲ ಸಿಕ್ಕಿಬಿತ್ತು. ಸಣ್ಣ ವ್ಯಾಪಾರಿಗಳ ಬಳಿ ಹಣ ಕೇಳಿ ಲೇಖನ ಹಾಕುವುದು, ಅನಂತರ ಅದು ಅಳಿಯದಂತೆ ಕಾಯುತ್ತೇವೆಂದು ಮತ್ತೆ ಹಣ ಕೇಳುವುದು ಅದರ ಕಸುಬು. 381 ಖಾತೆಗಳನ್ನು ಮುಚ್ಚಿದರು. ಹಿಡಿದವರು ಪೊಲೀಸರಲ್ಲ, ಇತಿಹಾಸದ ಪುಟ ಕೂತು ಓದಿದ ಸ್ವಯಂಸೇವಕರು. ಭಟ್ಕಳದ ವ್ಯಾಪಾರಿಗಳೇ, ನಿಮ್ಮ ಅಂಗಡಿಯ ಹೆಸರು ವಿಕಿಪೀಡಿಯದಲ್ಲಿ ಹಾಕಿಸುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಹಾಕಿಸುವುದಕ್ಕೆ ಅಲ್ಲಿ ಶುಲ್ಕವೇ ಇಲ್ಲ.

ಕೆಲವರು ಕೇಳುತ್ತಾರೆ: ನಾವು ಬಿಟ್ಟಿ ದುಡಿದರೆ ಅದರ ಫಲವನ್ನು ದೊಡ್ಡ ಕಂಪನಿಗಳೂ ಉಣ್ಣುವುದಿಲ್ಲವೇ? ಉಣ್ಣುತ್ತವೆ. ಊರ ಕೆರೆಯ ನೀರನ್ನು ಸಾಹುಕಾರನ ಎಮ್ಮೆಯೂ ಕುಡಿಯುತ್ತದೆ. ಹಾಗೆಂದು ಕೆರೆಯ ಹೂಳು ತೆಗೆಯದೆ ಬಿಟ್ಟರೆ ಬಾಯಾರುವವರು ಮೊದಲು ನಾವೇ. ಸಾಹುಕಾರನಿಗೆ ಮನೆಯಲ್ಲಿ ಬಾವಿ ಉಂಟು, ಲೆಕ್ಕಪರಿಶೋಧಕನೂ ಉಂಟು.

ಹಾಗಾದರೆ ಏನು ಮಾಡಬೇಕು? ಮೂರು ಊರುಗಳಲ್ಲಿ ಐದೈದು ಜನರ ಗುಂಪಾಗಲಿ. ಕಾಲೇಜಿನ ಹುಡುಗ ಹುಡುಗಿಯರು ಬೆರಳಚ್ಚು ಮಾಡಲಿ. ನಿವೃತ್ತ ಬ್ಯಾಂಕ್ ನೌಕರರು ಅಂಕಿಸಂಖ್ಯೆ ತಾಳೆ ನೋಡಲಿ. ಗಿರಣಿಯ, ಕಾರ್ಖಾನೆಯ ಬಂಧುಗಳು ಪ್ರಶ್ನೆ ಕೇಳಲಿ. ಪ್ರಶ್ನೆ ಕೇಳುವುದು ಸಣ್ಣ ಕೆಲಸವಲ್ಲ. ಓದಿ ತಿಳಿಯದಿದ್ದರೆ ‘ಇದು ತಿಳಿಯಲಿಲ್ಲ’ ಎಂದು ಚರ್ಚೆಯ ಪುಟದಲ್ಲಿ ಬರೆಯುವವನೇ ಲೇಖನದ ನಿಜವಾದ ಪರೀಕ್ಷಕ. ವ್ಯಾಪಾರಿಗಳು ಶಬ್ದ ಕೊಡಲಿ. ಅಸಲು, ಬಡ್ಡಿ, ಲಾಭಾಂಶ, ವಾಯಿದೆ, ಚುಕ್ತಾ ಎಂಬ ಜೀವಂತ ಮಾತು ಇರುವಾಗ ಕೃತಕ ಪದ ಹೊಸೆಯುವುದೇಕೆ? ಕೊಂಕಣಿಗರಿಗೆ 2015ರಿಂದ ತಮ್ಮದೇ ವಿಕಿಪೀಡಿಯ ಉಂಟು. ಕನ್ನಡ ಲಿಪಿಯಲ್ಲೂ ಬರೆಯಬಹುದು. ಮಂಗಳೂರಿನ ಕಡೆ ‘ಕರಾವಳಿ ವಿಕಿಮೀಡಿಯನ್ಸ್’ ಎಂಬ ಬಳಗವಿದೆ. ಕಲಿಯಬೇಕೆನ್ನುವವರಿಗೆ ಜತೆ ಸಿಗದೆ ಹೋಗದು.

ಮೊದಲು ಐದು ಲೇಖನ ಸಾಕು: ಠೇವಣಿ ವಿಮೆ, ಚೀಟಿ ನಿಧಿ, ಪ್ರಾವಿಡೆಂಟ್ ಫಂಡ್, ಮ್ಯೂಚುವಲ್ ಫಂಡ್, ಪೊಂಜಿ ಯೋಜನೆ. ವಾರಕ್ಕೊಂದು ಸಂಜೆ ಕೂತರೆ ವರ್ಷದೊಳಗೆ ಇವನ್ನು ಯಾರ ಕೈಗಾದರೂ ಕೊಡುವಂತೆ ಮಾಡಬಹುದು. ಅನಂತರ ಕಾಯಿದೆ ಬದಲಾದಾಗಲೆಲ್ಲ ಒಂದು ಅಂಕಿ ತಿದ್ದಬೇಕು. ಅದು ಮುಗಿಯದ ಕೆಲಸ, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿದ ಹಾಗೆ.

ಲೇಖನ ಓದಿದ ಮಾತ್ರಕ್ಕೆ ಕಳೆದ ಹಣ ಬಾರದು. ಅದಕ್ಕೆ ಕಾಯಿದೆ ಬೇಕು, ಹೋರಾಟ ಬೇಕು. 2019ರಲ್ಲಿ ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕಾಯಿದೆ ಬಂದಿದೆ. ದೂರು ಕೊಡಲು ರಿಸರ್ವ್ ಬ್ಯಾಂಕಿನ ‘ಸಚೇತ್’ ಎಂಬ ಅಂತರಜಾಲ ತಾಣವಿದೆ. ಆದರೆ ಇವೆಲ್ಲ ಮನೆಗೆ ಕಳ್ಳ ನುಗ್ಗಿದ ಮೇಲಿನ ಮಾತು. ಹಣ ಕೈಬಿಡುವ ಮುಂಚಿನ ರಾತ್ರಿ, ಗಂಡ ಹೆಂಡತಿ ದೀಪದ ಕೆಳಗೆ ಕೂತು ‘ಇದು ನಿಜವೋ ಸುಳ್ಳೋ’ ಎಂದು ನೋಡುವಾಗ, ಕನ್ನಡದಲ್ಲಿ ಒಂದು ನಿಜವಾದ ಪುಟ ಅವರಿಗೆ ಸಿಗಬೇಕು. ಆ ಪುಟವನ್ನು ಬರೆಯಲು ಮುಂಬಯಿಯಿಂದ ಯಾರೂ ಬರುವುದಿಲ್ಲ. ನಾವೇ ಬರೆಯೋಣ.