ಮಗುವಾಗದ ಹೊಣೆ ಸೊಸೆಯೊಬ್ಬಳದೇ?



ಮದುವೆಯಾಗಿ ಎರಡು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ ನಾವು ಮೊದಲು ನೋಡುವುದು ಸೊಸೆಯ ಮುಖವನ್ನು. ಅವಳನ್ನು ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಅಲೆದಾಡಿಸುತ್ತೇವೆ. ಮಗನಿಗೆ ಎರಡನೆಯ ಮದುವೆಯ ಮಾತನ್ನೂ ಎತ್ತುತ್ತೇವೆ. ಅವಳ ಲ್ಯಾಪರೋಸ್ಕೋಪಿಗೆ ಸಾವಿರಾರು ರೂಪಾಯಿ ಸುರಿಯುವ ನಾವು ಮಗನನ್ನು ಒಂದು ಸರಳ ವೀರ್ಯ ಪರೀಕ್ಷೆಗೆ ಕಳುಹಿಸಲು ನಾಚುತ್ತೇವೆ. ಮಕ್ಕಳಾಗದ ದಂಪತಿಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತಿರುವಾಗ ಇದು ಕೇವಲ ಅಜ್ಞಾನವಲ್ಲ, ಅನ್ಯಾಯ.

ನಾವು ಉಸಿರಾಡುವ ಆಮ್ಲಜನಕವೇ ವೀರ್ಯಾಣುವಿಗೆ ವಿಷವಾಗಬಲ್ಲದೆಂದು ಅಮೆರಿಕದ ಜಾನ್ ಮೆಕ್ಲಾಡ್ 1943ರಲ್ಲೇ ತೋರಿಸಿದ್ದರು. ಜೀವಕೋಶವು ಆಮ್ಲಜನಕವನ್ನು ಬಳಸುವಾಗ ಅತಿ ಚುರುಕಾದ ಕೆಲವು ಕಣಗಳು ಹುಟ್ಟುತ್ತವೆ. ಇತರ ಜೀವಕೋಶಗಳಲ್ಲಿ ಅವುಗಳನ್ನು ಅಡಗಿಸುವ ಕಿಣ್ವಗಳು ಧಾರಾಳವಾಗಿವೆ. ವೀರ್ಯಾಣುವಾದರೋ ಬೆಳೆಯುವಾಗಲೇ ತನ್ನ ಕೋಶರಸವನ್ನು ಬಹುಮಟ್ಟಿಗೆ ಕಳಚಿಕೊಂಡಿರುತ್ತದೆ. ಆ ರಕ್ಷಣೆಯೂ ಅದರೊಂದಿಗೆ ಹೋಗಿರುತ್ತದೆ. ಮೇಲಾಗಿ ಅದರ ಪೊರೆಯಲ್ಲಿರುವುದು ಬೇಗನೆ ಕೆಡುವ ಕೊಬ್ಬು. ಇಟ್ಟ ಎಣ್ಣೆ ಕಮಟುವಂತೆ ಪೊರೆ ಕೆಡುತ್ತದೆ, ಚಲನೆ ಕುಂದುತ್ತದೆ, ಒಳಗಿನ ಡಿಎನ್‌ಎ ತುಂಡಾಗುತ್ತದೆ. ಆಕ್ಸಿಡೇಟಿವ್ ಒತ್ತಡ ಎನ್ನುವುದು ಇದನ್ನೇ. ಬೀಡಿ-ಸಿಗರೇಟು, ಬೊಜ್ಜು, ಸೋಂಕು, ವೃಷಣದ ರಕ್ತನಾಳಗಳು ಊದಿಕೊಳ್ಳುವ ವೇರಿಕೋಸೀಲ್ ಇವೆಲ್ಲ ಅದನ್ನು ಹೆಚ್ಚಿಸುತ್ತವೆ.

ಇಷ್ಟು ಕೇಳಿದೊಡನೆ ಆಂಟಿಆಕ್ಸಿಡೆಂಟ್ ಮಾತ್ರೆಗಾಗಿ ಔಷಧದಂಗಡಿಗೆ ಓಡುವವರಿದ್ದಾರೆ. ಮಗನಿಗೆ ಪರೀಕ್ಷೆ ಬೇಡ, ಮಾತ್ರೆ ಸಾಕು ಎಂಬ ಈ ಅಡ್ಡದಾರಿಯೂ ನಮಗೆ ಬಲು ಇಷ್ಟ! ಆದರೆ ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪುರುಷರಿಗೆ 6 ತಿಂಗಳು ದಿನಂಪ್ರತಿ 5 ಮಿಲಿಗ್ರಾಂ ಫೋಲಿಕ್ ಆಮ್ಲ, 30 ಮಿಲಿಗ್ರಾಂ ಸತು ಕೊಡಲಾಗಿತ್ತು. ಮಗು ಪಡೆದವರು ಶೇ. 34, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರ ಗುಂಪಿನಲ್ಲಿ ಶೇ. 35. ಮಾತ್ರವಲ್ಲ, ಮಾತ್ರೆ ಸೇವಿಸಿದವರಲ್ಲಿ ಡಿಎನ್‌ಎ ಒಡಕು ತುಸು ಹೆಚ್ಚೇ ಇತ್ತು. ಸಿ ಮತ್ತು ಇ ಜೀವಸತ್ವ, ಸೆಲೆನಿಯಂ ಮುಂತಾದವುಗಳ ಮಿಶ್ರಣ ಕೊಟ್ಟು ನೋಡಿದ, ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲೂ ವೀರ್ಯದ ಗುಣ ಸುಧಾರಿಸಲಿಲ್ಲ. ಆ ಚುರುಕು ಕಣಗಳು ಅಲ್ಪ ಪ್ರಮಾಣದಲ್ಲಿ ವೀರ್ಯಾಣುವಿಗೆ ಬೇಕೇ ಬೇಕು. ಅವಿಲ್ಲದೆ ಅದು ಅಂಡವನ್ನು ಸೇರಲು ಸಿದ್ಧವಾಗದು.

ಹೊಸ ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಇಂದು ಸಿಗರೇಟು ಬಿಟ್ಟವನ ಫಲಿತಾಂಶವನ್ನು ಮೂರು ತಿಂಗಳ ನಂತರ ನೋಡಬೇಕು. ವೇರಿಕೋಸೀಲ್‌ಗೆ ಶಸ್ತ್ರಚಿಕಿತ್ಸೆಯಿದೆ. ಆದರೆ ಇವೆಲ್ಲಕ್ಕೂ ಮುನ್ನ ಮಗ ಪ್ರಯೋಗಾಲಯದ ಮೆಟ್ಟಿಲು ಹತ್ತಬೇಕು. ಅದಕ್ಕೆ ಬೇಕಾದುದು 2ರಿಂದ 7 ದಿನಗಳ ಸಂಯಮ ಮತ್ತು ಒಂದು ಶುಭ್ರವಾದ ಡಬ್ಬಿ, ಅಷ್ಟೇ.