ಕಲ್ಲಿನ ಪಕ್ಕಕ್ಕೆ ಟಾರ್ಚು ಹಿಡಿದರೆ

ನಮ್ಮೂರಿನಲ್ಲಿ ಬಸ್ಸು ನಿಲ್ಲುವ ಅರಳಿಮರದ ಹತ್ತಿರ ಒಂದು ಚಪ್ಪಟೆ ಕಲ್ಲಿತ್ತು. ಅರ್ಧ ಮಣ್ಣಲ್ಲಿ ಹೂತು, ಸ್ವಲ್ಪ ವಾಲಿಕೊಂಡು ನಿಂತಿತ್ತು. ಮೇಲೆ ಕತ್ತಿ ಹಿಡಿದವನೊಬ್ಬನ ಚಿತ್ರ. ಆಡುಗಳು ಅದಕ್ಕೆ ಮೈ ಉಜ್ಜುತ್ತಿದ್ದವು, ನಾವು ಕಣ್ಣಾಮುಚ್ಚಾಲೆ ಆಡುವಾಗ ಹಿಂದೆ ಅಡಗುತ್ತಿದ್ದೆವು. ಅದರಲ್ಲಿ ಅಕ್ಷರಗಳಿವೆ ಅಂತ ನನಗೆ ಗೊತ್ತಾಗಿದ್ದು ಒಂದು ರಾತ್ರಿ, ಕರೆಂಟು ಹೋಗಿದ್ದಾಗ. ಅಣ್ಣ ಟಾರ್ಚನ್ನು ಕಲ್ಲಿನ ಅಂಚಿಗೆ ತಾಗಿಸಿ ಹಿಡಿದ. ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಯಿತು ನೋಡಿ, ಹಗಲೆಲ್ಲ ಬರೀ ಬಂಡೆಯಾಗಿ ಕಾಣುತ್ತಿದ್ದ ಕಡೆ ಸಾಲು ಸಾಲು ಅಕ್ಷರ!

ಇದು ನೆರಳಿನ ಆಟ. ನಡುಮಧ್ಯಾಹ್ನ ನಿಮ್ಮ ನೆರಳು ಕಾಲಬುಡದಲ್ಲೇ ಮುದುಡಿಕೊಂಡಿರುತ್ತದೆ, ಸಂಜೆ ಉದ್ದಕ್ಕೆ ಚಾಚುತ್ತದೆ, ಅಲ್ಲವೇ? ಕಲ್ಲಿನ ಅಕ್ಷರಕ್ಕೂ ಅಷ್ಟೇ. ಸವೆದ ಅಕ್ಷರದ ಗೀರು 2 ಮಿಲಿಮೀಟರ್ ಆಳವಿದೆ, 5 ಮಿಲಿಮೀಟರ್ ಅಗಲವಿದೆ ಎಂದುಕೊಳ್ಳಿ. ಬೆಳಕು ನೇರ ಎದುರಿನಿಂದ ಬಿದ್ದರೆ ಗೀರಿನ ತಳಕ್ಕೂ ಬೆಳಕೇ, ನೆರಳೇ ಇಲ್ಲ. 45 ಡಿಗ್ರಿ ಓರೆಯಾಗಿ ಬಿದ್ದರೆ 2 ಮಿಲಿಮೀಟರ್ ನೆರಳು. ಇನ್ನೂ ತಗ್ಗಿಸಿ 10 ಡಿಗ್ರಿಗೆ ತಂದರೆ ಆ ಸಣ್ಣ ಅಂಚೇ 11 ಮಿಲಿಮೀಟರ್‌ನಷ್ಟು ಉದ್ದದ ನೆರಳು ಚೆಲ್ಲಬಲ್ಲದು. ಗೀರು ಇರುವುದೇ 5 ಮಿಲಿಮೀಟರ್. ಹಾಗಾಗಿ ಅದು ಪೂರ್ತಿ ಕಪ್ಪಾಗಿ, ಮಸಿ ತುಂಬಿದ ಹಾಗೆ ಎದ್ದು ಕಾಣುತ್ತದೆ. ಒಂದು ನಾಣ್ಯವನ್ನು ಕತ್ತಲಕೋಣೆಯಲ್ಲಿಟ್ಟು ನೀವೂ ಮಾಡಿ ನೋಡಬಹುದು.

ಅಕ್ಷರ ಸವೆಯುವುದಾದರೂ ಯಾಕೆ? ಬೆಣಚುಕಲ್ಲು ಗಟ್ಟಿ, ನಿಜ. ಆದರೆ ಅದರಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳುಗಳಿವೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸುವೇ ಹುಳಿಯಾಗಿರುತ್ತದೆ. ಆ ನೀರು ತಾಗಿ ತಾಗಿ ಫೆಲ್ಡ್‌ಸ್ಪಾರ್ ನಿಧಾನಕ್ಕೆ ಜೇಡಿಯಾಗುತ್ತದೆ. ಜೊತೆಗೆ ಕಲ್ಲುಹೂವು ಬೇರೆ! ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಸಂಸಾರ ಹೂಡಿದ ಜೀವಿ ಅದು. ಅದು ಸೂಸುವ ಆಮ್ಲವೂ ಕಲ್ಲನ್ನು ಕೆರೆಯುತ್ತದೆ. (ಹಾಗಂತ ನೀವು ಚಾಕು ತಂದು ಕಲ್ಲುಹೂವು ಕೆತ್ತಲು ಹೋಗಬೇಡಿ, ಅಕ್ಷರವೂ ಕಿತ್ತು ಬರುತ್ತದೆ.)

ಹೀಗೆ ಸವೆದ ಅಕ್ಷರ ಓದುವವರಿಗೆ ಇನ್ನೊಂದು ಹಳೆಯ ಉಪಾಯವಿದೆ. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ತಟ್ಟುತ್ತಾರೆ. ಕಾಗದ ಗೀರುಗಳೊಳಗೆ ಇಳಿದು ಕೂರುತ್ತದೆ. ಆಮೇಲೆ ಮೇಲಿಂದ ಮಸಿಯ ಉಂಡೆ ಒತ್ತಿದರೆ ಸುತ್ತಲೂ ಕಪ್ಪು, ಅಕ್ಷರ ಮಾತ್ರ ಬಿಳಿ. ಈಗ ಸ್ಕ್ಯಾನರ್‌ಗಳೂ ಬಂದಿವೆ. ಒಂದು ಬಗೆಯದು ಕಲ್ಲಿನ ಮೇಲೆ ಬೆಳಕಿನ ಪಟ್ಟೆಗಳನ್ನು ಬೀಳಿಸುತ್ತದೆ. ಗೀರು ಬಂದಲ್ಲಿ ಪಟ್ಟೆ ಬಾಗುತ್ತದೆ. ಎಷ್ಟು ಬಾಗಿತು ಎಂಬುದರಿಂದ ಕಂಪ್ಯೂಟರ್ ಆಳವನ್ನು ಲೆಕ್ಕ ಹಾಕುತ್ತದೆ. ಅಣ್ಣನ ಟಾರ್ಚಿಗೆ ಗಣಿತ ಕಲಿಸಿದ ಹಾಗೆ.

ನಮ್ಮೂರಿನ ಆ ಕಲ್ಲಿನಂಥವಕ್ಕೆ ವೀರಗಲ್ಲು ಅನ್ನುತ್ತಾರೆ. ಊರನ್ನೋ ದನಗಳನ್ನೋ ಕಾಯುತ್ತ ಸತ್ತವರ ನೆನಪಿಗೆ ನೆಟ್ಟದ್ದು. ಚಿತ್ರಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ದೇವರ ಮುಂದೆ ಕೂತಿರುವುದು. ತುದಿಯಲ್ಲಿ ಸೂರ್ಯ, ಚಂದ್ರ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿತ್ತಯ್ಯ ಎಂಬಾತನ ಕಲ್ಲು ಸಿಕ್ಕಿತು. ಅದಕ್ಕೆ ಸುಮಾರು 1,270 ವರ್ಷ. ಸುತ್ತ ಮುತ್ತ ವಾಹನಗಳ ಗಲಾಟೆ, ಕೆಳಗೆ ಗಂಗ ಅರಸರ ಕಾಲದ ಒಬ್ಬ ವೀರ!

ನನಗೆ ತುಂಬ ಇಷ್ಟವಾದದ್ದು ಮಾತ್ರ ಮನುಷ್ಯರ ಕಲ್ಲಲ್ಲ. ಮಂಡ್ಯ ಜಿಲ್ಲೆಯ ಆತಕೂರಿನದು. ಅದರಲ್ಲಿರುವುದು ಒಂದು ನಾಯಿ, ಒಂದು ಹಂದಿ, ಎರಡೂ ಕಾದಾಡುತ್ತಿವೆ. ನಾಯಿಯ ಹೆಸರು ಕಾಳಿ. ಗಂಗರ ಅರಸ ಬೂತುಗನ ಕಡೆಯ ಮಣಲೇರ ಎಂಬ ವೀರ ಯುದ್ಧದಲ್ಲಿ ಪರಾಕ್ರಮ ತೋರಿಸಿದ. ಏನು ಬೇಕೋ ಕೇಳು ಅಂದಾಗ ಅವನು ಚಿನ್ನ ಕೇಳಲಿಲ್ಲ, ಊರು ಕೇಳಲಿಲ್ಲ. ಕಾಳಿಯನ್ನು ಕೇಳಿ ಪಡೆದ. ಮುಂದೆ ಒಂದು ಬೇಟೆಯಲ್ಲಿ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಜಮೀನು ಬಿಟ್ಟ. ಪೂಜಾರಿ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ಬರುತ್ತದೆ ಎಂದೂ ಬರೆಸಿದ. ಮುದ್ದಿನ ನಾಯಿ ಕಳೆದುಕೊಂಡವರಿಗೆ ಅವನ ಮನಸ್ಸು ಅರ್ಥವಾದೀತು.

ಅದೆಲ್ಲ ನಡೆದದ್ದು ಸುಮಾರು 950ರಲ್ಲಿ. ಕಾಳಿಯ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದು. ನೋಡಲು ಹೋದರೆ ಮೊದಲು ಎದುರಿಗೆ ನಿಲ್ಲಿ. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದು, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ನೋಡಿಕೊಳ್ಳಿ.