ಒಂದು ಕೋಣೆಯ ಅರ್ಜಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟಿದ ಮನೆಗೆ ಒಂದು ಕೋಣೆ ಸೇರಿಸಿ ನೋಡು ಎನ್ನುವುದನ್ನು ಮರೆತರೆಂದು ತೋರುತ್ತದೆ. ಮಗಳ ಬಾಣಂತನಕ್ಕೆಂದು ಹಿತ್ತಿಲ ಕಡೆ ಕೋಣೆಯೊಂದನ್ನು ಎಬ್ಬಿಸಲು ಪುರಸಭೆಗೆ ಅರ್ಜಿ ಒಯ್ದೆ. ಮೊದಲ ಸಲ ಕಂದಾಯದ ರಸೀತಿ ಇಲ್ಲವೆಂದರು. ಎರಡನೆಯ ಸಲ ನಕ್ಷೆಗೆ ಎಂಜಿನಿಯರರ ರುಜು ಬೇಕೆಂದರು. ಮೂರನೆಯ ಸಲ ಸಂಬಂಧಪಟ್ಟವರು ರಜೆಯಲ್ಲಿದ್ದರು. ಬೇಕಾದುದನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ನಾಲ್ಕನೆಯ ಸಲ ಅರ್ಜಿ ತೆಗೆದುಕೊಂಡರು. ಅನುಮತಿ ಬರುವುದರೊಳಗೆ ಮೊಮ್ಮಗ ಬಂದ. ತೊಟ್ಟಿಲನ್ನು ನಡುಮನೆಯಲ್ಲೇ ಕಟ್ಟಿದೆವು.

ತಪ್ಪೆಲ್ಲ ಕಚೇರಿಯದೇ ಎಂದರೆ ಅದೂ ಸಲ್ಲದು. ನನ್ನ ನಕ್ಷೆಯಂತೆ ಗೋಡೆ ಎದ್ದಿದ್ದರೆ ನೆರೆಯವರ ಅಡಿಗೆಮನೆಗೆ ಹಗಲಲ್ಲೂ ದೀಪ ಬೇಕಾಗುತ್ತಿತ್ತು. ಸ್ಥಳ ನೋಡಲು ಬಂದ ಎಂಜಿನಿಯರು ನನ್ನ ಹಳೆಯ ವಿದ್ಯಾರ್ಥಿ. “ಮೇಷ್ಟ್ರೇ, ಮೂರಡಿ ಒಳಕ್ಕೆ ಬನ್ನಿ” ಎಂದ. ತರಗತಿಯಲ್ಲಿ ಅವನಿಗೆ ನಾನು ಹೇಳುತ್ತಿದ್ದ ಧಾಟಿಯೇ!

1964ರ ಪುರಸಭೆಗಳ ಕಾಯಿದೆಯಂತೆ ಹೊಸ ಮನೆಗಷ್ಟೇ ಅಲ್ಲ, ಇದ್ದ ಮನೆಯನ್ನು ಬೆಳೆಸುವುದಕ್ಕೂ ಮುಂಚಿತವಾಗಿ ತಿಳಿಸಬೇಕು. ಆದರೆ 2011ರ ಸಕಾಲ ಕಾಯಿದೆ ಅರ್ಜಿದಾರನ ಕೈಗೂ ಒಂದು ಕೋಲು ಕೊಟ್ಟಿದೆ. ಅರ್ಜಿ ಕೊಟ್ಟೊಡನೆ ಸಂಖ್ಯೆಯುಳ್ಳ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿ ಉಂಟು. ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದ ಪರಿಹಾರವೂ ಉಂಟು. ಅಷ್ಟಕ್ಕೆ ಎಷ್ಟು ಇಟ್ಟಿಗೆ ಬಂದಾವು ಎನ್ನಬೇಡಿ. ಅದನ್ನು ತಡಮಾಡಿದವರ ಸಂಬಳದಿಂದಲೇ ಮುರಿಯುತ್ತಾರೆ.

ಆ ಚೀಟಿಯನ್ನು ನಾನು ಕೇಳಲಿಲ್ಲ. “ಆಗುತ್ತೆ, ಹೋಗಿ ಸಾರ್” ಎಂದ ಮಾತನ್ನು ನಂಬಿ ಮನೆಗೆ ಬಂದೆ. ಮೊಮ್ಮಗ ಈಗ ಅಂಬೆಗಾಲಿಡುತ್ತಿದ್ದಾನೆ. ಕೋಣೆಗೆ ಮೊನ್ನೆ ತಾರಸಿ ಬಿತ್ತು.